ಸಿರುಮುಗೈಯವರು ತಂದ ಫ್ರೆಂಚ್ ಪುಸ್ತಕ

ದೀಪಾವಳಿಗೆಂದು ಅಕ್ಕನ ಮೊಮ್ಮಗಳು ಒಂದು ಬಿಸ್ಕತ್ತಿನ ಡಬ್ಬ ಕೊಟ್ಟು ಹೋದಳು. ನನಗೆ ಸಕ್ಕರೆ ಕಾಯಿಲೆ, ಬಿಸ್ಕತ್ತು ಆಗುವುದಿಲ್ಲ. ಕೆಲಸದವಳಿಗೆ ಕೊಡೋಣವೆಂದು ಎತ್ತಿಕೊಂಡವಳು ಮುಚ್ಚಳದ ಮೇಲಿನ ಚಿತ್ರ ನೋಡಿ ಹಾಗೆಯೇ ಕುಳಿತುಬಿಟ್ಟೆ. ಎತ್ತರಕ್ಕೆ ಕಟ್ಟಿ ಬಿಳಿ ಪುಡಿ ಹಾಕಿದ ಕೂದಲು, ಎರಡೂ ಪಕ್ಕಕ್ಕೆ ಅಗಲವಾಗಿ ಹರಡಿದ ಲಂಗ, ಮೊಣಕೈವರೆಗೆ ಬಿಗಿಯಾಗಿ ಬಂದು ಅಲ್ಲಿಂದ ಮೂರು ಪದರವಾಗಿ ಇಳಿಬಿದ್ದ ಲೇಸು. ಹಳೆಯ ಕಾಲದ ಫ್ರೆಂಚ್ ಹೆಂಗಸು. ಯಾರೋ ಅವಸರದಲ್ಲಿ ಬರೆದ ಚಿತ್ರ. ಬಟ್ಟೆಯ ಮಡಿಕೆ ಎಲ್ಲಿದೆಯೆಂದು ನೋಡದೆ ಹೂವುಗಳನ್ನು ಎಲ್ಲೆಂದರಲ್ಲಿ ಒತ್ತಿದ್ದರು. "ಇದು ನೇಯ್ದ ಬಟ್ಟೆ ಅಲ್ಲಾಂಗ, ಸುಮ್ನೆ ಬಣ್ಣ" ಎಂದು ಹಿಂದಿನಿಂದ ಯಾರೋ ಹೇಳಿದಂತಾಯಿತು... ಆ ಧ್ವನಿ ಕೇಳಿ ಅರವತ್ತೈದು ವರ್ಷಗಳಾದರೂ ಆಗಿರಬೇಕು.

ಅಪ್ಪ ಕೊಯಮತ್ತೂರಿನಲ್ಲಿ ವಕೀಲರಾಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಜಗಲಿಯ ಮೇಲೆ ಕಕ್ಷಿದಾರರು ಕೂತಿರುತ್ತಿದ್ದರು. ಅವರಲ್ಲಿ ಒಬ್ಬರು ಭವಾನಿ ನದಿ ದಂಡೆಯ ಸಿರುಮುಗೈಯಿಂದ ಬರುತ್ತಿದ್ದ ನೇಕಾರರು. ಊರಿನ ನೇಕಾರರ ಪರವಾಗಿ ನೂಲಿನ ಹಂಚಿಕೆಯ ಅರ್ಜಿ ಬರೆಸಲು ಒಮ್ಮೆ ಬಂದವರು, ಅಪ್ಪನ ಬಾಯಲ್ಲಿ ತಮ್ಮ ಮನೆಮಾತಾದ ಕನ್ನಡ ಕೇಳಿ, ಆಮೇಲೆ ಪ್ರತಿ ಶನಿವಾರ ಸೀರೆಯ ಅಂಗಡಿಗೆ ಮಾಲು ಕೊಟ್ಟು ಹಿಂದಿರುಗುವಾಗ ನಮ್ಮಲ್ಲಿ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಅವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. "ಸಿರುಮುಗೈಯವರು ಬಂದಿದಾರೆ, ಕಾಪಿ ಕೊಡು" ಎಂದರೆ ಮುಗಿಯಿತು. ಐವತ್ತರ ಹತ್ತಿರದ ವಯಸ್ಸು, ಒಣಗಿದ ಮೈ, ದಾರದಿಂದ ಕಟ್ಟಿದ ಕನ್ನಡಕ, ಮಾತಿನ ಕೊನೆಗೆ ತಮಿಳಿನ ಮರ್ಯಾದೆಯ 'ಆಂಗ, ಉಂಗ' ಸೇರಿಸಿ ಆಡುವ ಕನ್ನಡ. ಅವರಿಗೆ ಕಾಪಿ ಕೊಡಲು ಒಂದು ಹಿತ್ತಾಳೆ ಲೋಟ ಬೇರೆಯೇ ಇತ್ತು; ಕುಡಿದಾದ ಮೇಲೆ ಅವರೇ ತೊಳೆದು ಜಗಲಿಯ ಗೂಡಿನಲ್ಲಿ ಕವುಚಿಡುತ್ತಿದ್ದರು. ಆಗ ಅದು ನನಗೆ ಏನೂ ಅನ್ನಿಸಿರಲಿಲ್ಲ. ಈಗ ಬರೆಯುವಾಗ ಕೈ ತಡೆಯುತ್ತದೆ.

ಅವರು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆಗೆ ಅಟ್ಟೆ ಹೊಡೆಯುವುದರಲ್ಲಿ ಪಳಗಿದವರು. ಅಟ್ಟೆ ಎಂದರೆ ತೂತು ಕೊರೆದ ದಪ್ಪ ರಟ್ಟಿನ ಪಟ್ಟಿ. ಯಾವ ತೂತಿದೆಯೋ ಅದಕ್ಕೆ ತಕ್ಕ ಎಳೆ ಮೇಲೇಳುತ್ತದೆ; ಹೀಗೆ ಪಟ್ಟಿಯ ಹಿಂದೆ ಪಟ್ಟಿ ತಿರುಗಿ ಸೀರೆಯ ಅಂಚಿನಲ್ಲಿ ಹೂವು ಮೂಡುತ್ತದೆ. ಆ ಪೆಟ್ಟಿಗೆ ಮೊದಲು ಫ್ರಾನ್ಸ್ ದೇಶದ ಒಂದು ರೇಷ್ಮೆಯ ಊರಿನಲ್ಲಿ ಹುಟ್ಟಿದ್ದು ಎಂದು ಅವರಿಗೆ ಯಾರೋ ಮೆಕ್ಯಾನಿಕ್ ಹೇಳಿದ್ದನಂತೆ. ಅಂದಿನಿಂದ ಆ ದೇಶದ ಹುಚ್ಚು. ಸ್ವಾತಂತ್ರ್ಯ ಬಂದ ಮೇಲೆ ಊಟಿ, ಕೂನೂರಿನ ಬಂಗಲೆಗಳಿಂದ ಬಿಳಿಯರು ಹೊರಟಾಗ ಅವರ ಕುರ್ಚಿ ಮೇಜುಗಳೆಲ್ಲ ಮೇಟುಪಾಳಯದ ಹಳೆ ಸಾಮಾನಿನ ಅಂಗಡಿಗಳಿಗೆ ಇಳಿದುಬಂದವು. ಅಂಥ ಒಂದು ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ದಪ್ಪ ಪುಸ್ತಕ, ಹಳೆಯ ಕಾಲದ ಫ್ರೆಂಚ್ ಚಿತ್ರಗಳದ್ದು.

ನಾನಾಗ ಕಾಲೇಜಿನಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೆ. ಇಷ್ಟವೆಂದಲ್ಲ, ಗೆಳತಿ ತೆಗೆದುಕೊಂಡಳೆಂದು. ಅಪ್ಪ ಇದನ್ನು ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಮರು ಶನಿವಾರ ಸಿರುಮುಗೈಯವರು ಆ ಪುಸ್ತಕವನ್ನು ಹಳೆ ಪಂಚೆಯಲ್ಲಿ ಸುತ್ತಿ ತಂದರು. "ಅಮ್ಮಣಿ, ನನಗೆ ತಮಿಳು ಅಕ್ಷರ ಬಿಟ್ರೆ ಬೇರೆ ಬರಲ್ಲ. ಪಟದ ಕೆಳಗೆ ಏನೋ ಬರ್ದಿದಾರೆ. ಸೊಲ್ಪ ನೋಡಿ ಹೇಳುಂಗ."

ಅವರು ಚಿತ್ರ ನೋಡುತ್ತಿದ್ದ ರೀತಿಯನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಮುಖ ನೋಡುತ್ತಿರಲಿಲ್ಲ, ನೇರ ಬಟ್ಟೆಗೆ ಹೋಗುತ್ತಿದ್ದರು. ಹೆಗಲಿನಿಂದ ನೆಲದವರೆಗೆ ಸಡಿಲವಾಗಿ ಬೀಳುವ ಬೆನ್ನಿನ ನೆರಿಗೆಯನ್ನು ಬೆರಳಿನಿಂದ ಸವರಿ, "ನೋಡುಂಗ, ಈ ಹೂವು ಮಡಿಕೆ ಒಳಗೆ ಹೋಯ್ತು. ಆಚೆ ಕಡೆ ಎಲ್ಲಿ ಬರ್ಬೇಕೋ ಕರೆಕ್ಟಾಗಿ ಅಲ್ಲೇ ಬಂದಿದೆ. ಈ ಮನುಷ್ಯ ಬಣ್ಣ ಹಚ್ಚಿಲ್ಲ, ನೇಯ್ದಿದಾನೆ" ಎನ್ನುತ್ತಿದ್ದರು. ಅಡುಗೆಮನೆಯ ಚಿತ್ರಗಳೂ ಅವರಿಗೆ ಅಷ್ಟೇ ಪ್ರೀತಿ. ತಾಮ್ರದ ಪಾತ್ರೆ, ಮೇಜಿನ ಮೇಲೆ ಹಾಗೆಯೇ ಇಟ್ಟ ರೊಟ್ಟಿ, ಬಿಳಿ ಟೋಪಿ ಹಾಕಿಕೊಂಡು ಗೆಡ್ಡೆ ಹೆರೆಯುವ ಹೆಂಗಸು. ರೊಟ್ಟಿಗೆ ತಟ್ಟೆ ಯಾಕಿಲ್ಲ? ಮನೆಯೊಳಗೂ ಟೋಪಿ ಯಾಕೆ? ಕಾಪಿಗೆ ಬೆಲ್ಲ ಹಾಕ್ತಾರಾ? ಎಲ್ಲವೂ ಅವರಿಗೆ ಬೇಕು. ಪಕ್ಕದ ಬೀದಿಯ ನೆಂಟರ ಬಗ್ಗೆ ವಿಚಾರಿಸಿದಂತೆ ಕೇಳುತ್ತಿದ್ದರು.

ನನಗೋ ಸುಸ್ತು. ಅಮ್ಮನಿಗೆ ಉಬ್ಬಸ. ಬೆಳಗ್ಗೆ ಅಡುಗೆ ಮುಗಿಸಿ ಕಾಲೇಜು, ಬಂದರೆ ಮತ್ತೆ ಒಲೆ, ತಮ್ಮಂದಿರ ಬಟ್ಟೆ. ಕಾಲು ವರ್ಷದ ಪರೀಕ್ಷೆಯಲ್ಲಿ ಫ್ರೆಂಚಿನಲ್ಲಿ ಫೇಲಾಗಿದ್ದೆ. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಮೊದಮೊದಲು ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಹುಡುಕಿ ಹೇಳಿದೆ. ಆಮೇಲೆ ಬೇಸರ ಬಂತು...

ಆ ಶನಿವಾರ ಅವರು ತೆರೆದದ್ದು ತಿಳಿ ಹಸಿರು ರೇಷ್ಮೆಯ ಹೆಂಗಸಿನ ಚಿತ್ರ. ಮೈತುಂಬ ಗುಲಾಬಿ ಗೊಂಚಲು, ಗೊಂಚಲಿನಿಂದ ಗೊಂಚಲಿಗೆ ಬಳುಕುತ್ತ ಹೋಗುವ ರಿಬ್ಬನ್ನಿನ ಬಳ್ಳಿ. ಅವಳು ಕಿಟಕಿಯ ಬಳಿ ಕೂತು ಕಾಪಿ ಬಗ್ಗಿಸುತ್ತಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು. ಒಳಗಿನಿಂದ ಅಮ್ಮ, "ಏ, ಸಾಕು ಬಾರೇ, ಕೊಳಂಬು ಸೀಯ್ತಿದೆ" ಎಂದು ಕೆಮ್ಮುತ್ತ ಕೂಗಿದಳು. ನಾಲ್ಕು ಸಾಲಿನಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಪದ: ರೇಷ್ಮೆ, ಬೆಳಗು. ಎದ್ದು ಹೋಗುವ ಅವಸರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಇವಳು ರೇಷ್ಮೆ ನೇಯುವವನ ಹೆಂಡ್ತಿ. ಗಂಡ ನೇಯ್ದ ಬಟ್ಟೇನೇ ಉಟ್ಕೊಂಡು ಬೆಳಗ್ಗೆ ಕಾಪಿ ಮಾಡ್ತಿದಾಳೆ."

"ನಿಜಮಾಂಗ?"

"ಹಾಗೇ ಬರೆದಿದೆ."

ನಾನು ಒಲೆಯಿಂದ ಕೊಳಂಬು ಇಳಿಸಿ ಬರುವಾಗಲೂ ಅವರು ಅದೇ ಪುಟ ನೋಡುತ್ತ ಕೂತಿದ್ದರು. ಕಾಪಿ ಆರಿ ಕೆನೆಗಟ್ಟಿತ್ತು.

ಮುಂದಿನ ವಾರ ಬಂದಾಗ ಜಗಲಿಯ ಕಂಬಕ್ಕೆ ಒರಗಿ ತಾವಾಗಿ ಹೇಳಿದರು: "ನನ್ನ ಕಲ್ಯಾಣ ಆಗಿ ಇಪ್ಪತ್ತೆಂಟು ವರ್ಷ ಅಮ್ಮಣಿ. ಅವಳು ನೂಲು ಸುತ್ತದೆ ಇದ್ದ ದಿನ ಇಲ್ಲ. ಒಂದು ಪಟ್ಟು ಸೀರೆ, ಒಂದು ರೇಷ್ಮೆ ಎಳೆ ಅವಳ ಮೈಮೇಲೆ ಬಂದಿಲ್ಲ. ನನಗೂ ತೋಚಿಲ್ಲ, ಅವಳೂ ಕೇಳಿಲ್ಲ. ಅಲ್ಲಿಯೋರಿಗೆ ತೋಚಿದೆ, ನೋಡುಂಗ."

ಆ ಚಿತ್ರದ ಹೂವನ್ನೇ ಇಟ್ಟು ಹೆಂಡತಿಗೊಂದು ಸೀರೆ ನೇಯುತ್ತೇನೆಂದು ಹೊರಟರು. ಗುಲಾಬಿಯನ್ನು ಗ್ರಾಫ್ ಕಾಗದದ ಚೌಕಗಳಿಗೆ ಇಳಿಸಿದರು. ಅಂಗಡಿಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅಟ್ಟೆ ಹೊಡೆದರು. ಪ್ರತಿ ಶನಿವಾರ ಹೊಸ ಕಾಗದ ತಂದು, ರಿಬ್ಬನ್ನಿನ ಬಳುಕು ಸರಿಯಾಗಿ ಬಂತಾ ನೋಡಿ ಎನ್ನುವರು. ಕಣ್ಣು ಕೆಂಪಾಗಿರುತ್ತಿತ್ತು. ನಿಜ ಹೇಳಿಬಿಡಬೇಕು ಎಂದು ಪ್ರತಿ ಶುಕ್ರವಾರ ನಿಶ್ಚಯಿಸುತ್ತಿದ್ದೆ. ಶನಿವಾರ ಬಂದರೆ ಅವರ ಮುಖ ನೋಡಿ, ಬಳುಕು ಸರಿಯಾಗಿದೆ ಎಂದಷ್ಟೇ ಹೇಳುತ್ತಿದ್ದೆ. ಹೀಗೇ ಆರೇಳು ತಿಂಗಳು ಕಳೆಯಿತು.

ಒಂದು ಶನಿವಾರ ಜಮೀನಿನ ದಾಖಲೆಯೊಂದರ ವಿಷಯವಾಗಿ ಅಪ್ಪನ ಬಳಿ ಒಬ್ಬ ವಯಸ್ಸಾದ ಪಾದ್ರಿ ಬಂದಿದ್ದರು. ಹುಟ್ಟು ಫ್ರಾನ್ಸಿನಲ್ಲಿ, ಬದುಕಿದ್ದೆಲ್ಲ ನಮ್ಮ ಕಡೆ. ನಮಗಿಂತ ಚೆನ್ನಾಗಿ ತಮಿಳು ಮಾತಾಡುತ್ತಿದ್ದರು. ಸಿರುಮುಗೈಯವರ ಸಂತೋಷಕ್ಕೆ ಪಾರವಿಲ್ಲ. ಪುಸ್ತಕ ಬಿಚ್ಚಿ, ಹಸಿರು ಹೆಂಗಸಿನ ಪುಟ ತೆಗೆದು, "ಸಾಮಿ, ನಿಮ್ಮ ದೇಶದ ನೇಕಾರನ ಹೆಂಡತಿ ಇವಳು. ಇದೇ ಹೂವು ಈಗ ನನ್ನ ಮಗ್ಗದಲ್ಲಿ ಓಡುತ್ತಿದೆ" ಎಂದು ತಮಿಳಿನಲ್ಲಿ ಹೇಳಿದರು. ನಾನು ಕಾಪಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಪಾದ್ರಿ ಕನ್ನಡಕ ಹಾಕಿಕೊಂಡು ಓದಿ ನಕ್ಕರು. ಹಂಗಿಸುವ ನಗುವಲ್ಲ. "ನೇಕಾರನ ಹೆಂಡತಿಯೇ? ಇಲ್ಲಪ್ಪ. ಅರಮನೆಯ ಹೆಂಗಸು, ಬೆಳಗಿನ ಉಡುಪಿನಲ್ಲಿ, ಅಂತ ಬರೆದಿದ್ದಾರೆ. ನನ್ನ ಅಜ್ಜ ನಿಮ್ಮ ಜಕಾರ್ಡ್ ಪೆಟ್ಟಿಗೆ ಹುಟ್ಟಿದ ಊರಿನ ರೇಷ್ಮೆ ನೇಕಾರನೇ. ಅಜ್ಜಿ ಸಾಯುವವರೆಗೆ ಒರಟು ಬಟ್ಟೆಯನ್ನೇ ಉಟ್ಟಳು. ತಾವು ನೇಯ್ದದ್ದನ್ನು ಯಾರು ಉಡುತ್ತಾರೆ?" ಎಂದರು. ಆಮೇಲೆ ಸಹಜವಾಗಿ ಕೇಳಿದರು, "ಯಾರು ಹಾಗೆ ಓದಿ ಹೇಳಿದ್ದು?"

ಅಪ್ಪ ನನ್ನ ಕಡೆ ತಿರುಗಿದರು.

"ಅಮ್ಮಣಿ ಸರಿಯಾಗೇ ಓದಿದ್ರು ಸಾಮಿ," ಎಂದರು ಸಿರುಮುಗೈಯವರು. "ನನ್ನ ಕಿವೀನೇ ಹಾಂಗೆ ಕೇಳಿಸ್ಕೊಳ್ತು." ಪುಸ್ತಕವನ್ನು ನಿಧಾನವಾಗಿ ಪಂಚೆಯಲ್ಲಿ ಸುತ್ತಿ, ಅಪ್ಪನಿಗೆ ಕೈಮುಗಿದು ಎದ್ದರು. ಆ ದಿನ ಕಾಪಿ ಕುಡಿಯಲಿಲ್ಲ.

ನಾಲ್ಕು ಶನಿವಾರ ಅವರು ಬರಲಿಲ್ಲ. ಸೀರೆಯನ್ನು ಮಗ್ಗದಿಂದ ಕೊಯ್ದು ಬಿಸಾಡಿರಬಹುದು ಎಂದು ನಾನು ಎಣಿಸಿದ್ದೆ. ನೂಲಿನ ಅರ್ಜಿಯ ಕೆಲಸಕ್ಕೆ ಅಪ್ಪ ಸಿರುಮುಗೈಗೆ ಹೊರಟಾಗ, ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವರ ಮನೆ ಎಂದರೆ ಮಗ್ಗ, ಮಗ್ಗದ ಸುತ್ತ ಉಳಿದ ಜಾಗದಲ್ಲಿ ಬದುಕು. ಅಪ್ಪ ಊರಿನವರೊಡನೆ ಹೊರಗೆ ಮಾತಿಗೆ ನಿಂತರು. ಸಿರುಮುಗೈಯವರು ನನ್ನನ್ನು ಕಂಡು ಒಂದು ಗಳಿಗೆ ತಡೆದು, ಒಳಗೆ ನೋಡಿ, "ಏಯ್, ವಕೀಲರ ಮನೆ ಅಮ್ಮಣಿ ಬಂದಿದಾರೆ. ಅದನ್ನ ಉಟ್ಕೊಂಡು ಬಾ" ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅವರ ಹೆಂಡತಿ ಬಂದರು. ನೂಲು ಸುತ್ತಿ ಸುತ್ತಿ ಬಾಗಿದ ಬೆನ್ನು, ಬಣ್ಣ ಹಿಡಿದ ಉಗುರುಗಳು. ಮೈಮೇಲೆ ತಿಳಿ ಹಸಿರು ರೇಷ್ಮೆ, ಅಂಚಿನುದ್ದಕ್ಕೂ ಆ ಗುಲಾಬಿ ಗೊಂಚಲು, ಆ ಬಳ್ಳಿ. ಪಾದ್ರಿಯ ಮಾತು ಕೇಳಿದ ಮೇಲೂ ಅವರು ಅದನ್ನು ನೇಯ್ದು ಮುಗಿಸಿದ್ದರು. ಆಕೆ ಸೆರಗನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಎರಡು ಕೈಯಲ್ಲೂ ಹಿಡಿದು ನಿಂತಿದ್ದರು. ನನಗೆ ಎಳನೀರು ಕೊಟ್ಟರು. ಅವರ ಲೋಟದಲ್ಲಿ ನಾನು ಕುಡಿಯುವೆನೋ ಇಲ್ಲವೋ ಎಂಬ ಅಳುಕಿದ್ದಿರಬೇಕು. ಆಮೇಲೆ ಮೆಲ್ಲನೆ ಕೇಳಿದರು.

"ಬೀದಿಯೋರೆಲ್ಲ ನಗ್ತಾರೆ ಅಮ್ಮಣಿ. ನೇಯೋರ ಮನೆಯೋಳಿಗೆ ಪಟ್ಟು ಎದಕ್ಕೆ ಅಂತಾರೆ. ಅಲ್ಲಿ... ಆ ದೇಶದಲ್ಲಿ, ನಮ್ಮಂಥೋರು ನಿಜವಾಗ್ಲೂ ಹಿಂಗೆ ಉಡ್ತಾರಾ? ಇವರು ಪಟ ತೋರ್ಸಿ ಹೇಳಿದ್ರು. ನೀವು ಓದಿರೋರು, ಹೇಳುಂಗ."

ಅವರ ಹಿಂದೆ ಸಿರುಮುಗೈಯವರು ತಲೆ ತಗ್ಗಿಸಿ ಅಟ್ಟೆಗಳ ದಾರ ಸರಿಮಾಡುತ್ತಿದ್ದರು. ಕೈ ನಿಂತಿತ್ತು.

"ಹೌದು," ಎಂದೆ. "ಉಡ್ತಾರೆ. ದಿನಾ ಬೆಳಗ್ಗೆ ಉಡ್ತಾರೆ."

ಬಸ್ಸು ನಿಲ್ಲುವ ಜಾಗದ ತನಕ ಸಿರುಮುಗೈಯವರು ನಮ್ಮೊಡನೆ ನಡೆದು ಬಂದರು. ಅಪ್ಪ ಸ್ವಲ್ಪ ಮುಂದಿದ್ದರು. "ನಾನು ಅವತ್ತು..." ಎಂದು ಶುರು ಮಾಡಿದೆ. "ಬಸ್ಸು ಬಂತು ಅಮ್ಮಣಿ," ಎಂದರು ಅವರು. ಬಸ್ಸು ಇನ್ನೂ ಬಂದಿರಲಿಲ್ಲ.

ಅದಾದ ಮೇಲೆ ನಾನು ಫ್ರೆಂಚನ್ನು ಹಲ್ಲು ಕಚ್ಚಿ ಕಲಿತೆ. ಮತ್ತೆ ಶನಿವಾರಗಳಂದು ಬಂದಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದೆ. ಅವರೂ ಮೊದಲಿನಂತೆ ಬೆಲ್ಲದ ಮಾತು, ಟೋಪಿಯ ಮಾತು ಕೇಳಲಿಲ್ಲ. ಬರುವುದೂ ಕಡಿಮೆಯಾಯಿತು. ನನಗೆ ಮದುವೆಯಾಗಿ ತಿರುಚ್ಚಿಗೆ ಹೋದೆ.

ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಾಗ ಅವರನ್ನು ಕೊನೆಯ ಸಲ ನೋಡಿದೆ. ಗ್ರಾಫ್ ಕಾಗದದ ಚೌಕಗಳು ಅವರ ಕಣ್ಣನ್ನು ತಿಂದುಹಾಕಿದ್ದವು; ಗೋಡೆ ಹಿಡಿದು ಜಗಲಿ ಹತ್ತಿದರು. ಹೆಂಡತಿ ಆರು ತಿಂಗಳ ಹಿಂದೆ ತೀರಿಕೊಂಡರಂತೆ. "ಅದನ್ನೇ ಉಡಿಸಿ ಕಳಿಸಿದ್ವಿ," ಎಂದರು. ಆಮೇಲೆ ಪುಸ್ತಕ ಬಿಚ್ಚಿ, ಬೆರಳಿನಿಂದ ತಡವಿ ಹಸಿರು ಹೆಂಗಸಿನ ಪುಟ ತೆಗೆದು ನನ್ನ ಮುಂದಿಟ್ಟರು.

ಈಗ ನನಗೆ ನಾಲ್ಕು ಸಾಲೂ ತಡೆಯಿಲ್ಲದೆ ಅರ್ಥವಾಗುತ್ತಿತ್ತು. ಈ ಸಲವಾದರೂ ಸರಿಯಾಗಿ ಮಾಡೋಣವೆಂದು ಒಂದೊಂದೇ ಪದ ಬಿಡಿಸಿ ಹೇಳತೊಡಗಿದೆ: ಅರಮನೆಯ ಹೆಂಗಸು, ಬೆಳಗಿನ ಉಡುಪು, ಹೂವಿನ ರೇಷ್ಮೆ...

"ಅದು ಬೇಡಾಂಗ ಅಮ್ಮಣಿ," ಎಂದು ಅವರು ತಡೆದರು. "ಮೊದಲು ಓದಿದ್ರಲ್ಲ. ಅದನ್ನ ಓದುಂಗ."

ಓದಿದೆ. ಇವಳು ರೇಷ್ಮೆ ನೇಯುವವನ ಹೆಂಡತಿ ಎಂದು ಶುರು ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಳಗೆ ಮಗು ಎದ್ದು ಅಳತೊಡಗಿತು. ನಾನು ಹೋಗಿ ಎತ್ತಿಕೊಂಡು ಬರುವಷ್ಟರಲ್ಲಿ ಹೊರಟುಹೋಗಿದ್ದರು.

ಮರುವರ್ಷ ಅಪ್ಪನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು, ಸಿರುಮುಗೈಯವರು ಹೋಗಿಬಿಟ್ಟರು ಎಂದು. ಉತ್ತರದಲ್ಲಿ ನಾನು ಅದರ ಬಗ್ಗೆ ಏನೂ ಬರೆಯಲಿಲ್ಲ. ಮಗುವಿಗೆ ದಡಾರ, ಮನೆ ಬದಲಾಯಿಸುತ್ತಿದ್ದೇವೆ ಎಂದು ಬರೆದೆ.

ಯಜಮಾನರು ಹೋದ ಮೇಲೆ ಕೊಯಮತ್ತೂರಿಗೇ ಮರಳಿ ಇಪ್ಪತ್ತು ವರ್ಷವಾಯಿತು. ಸಿರುಮುಗೈ ಇಲ್ಲಿಂದ ಒಂದು ಗಂಟೆಯ ದಾರಿ. ನಾಳೆ, ನಾಡಿದ್ದು ಎನ್ನುತ್ತಲೇ ಇದ್ದೆ. ಈಗ ಎರಡು ಮೆಟ್ಟಿಲು ಇಳಿದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಹೋಗಿ ಯಾರನ್ನು ಕೇಳುವುದು, ಏನೆಂದು ಕೇಳುವುದು? ನಾನು ಅವರಿಗೆ ಸುಳ್ಳು ಹೇಳಿದೆ. ತಪ್ಪಾಯಿತು ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಅವರೂ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂದು ಬಹಳ ವರ್ಷ ಯೋಚಿಸಿದೆ. ಈಗ ಅದನ್ನೂ ಬಿಟ್ಟಿದ್ದೇನೆ.