ಸತ್ತಾರ್ ಸಾಹೇಬರು ಪ್ವೆಬ್ಲಾ ತೋರಿಸಿದ್ದು

ಮೈಸೂರು ಅರಮನೆಯ ಬಾಗಿಲಲ್ಲಿ ಸತ್ತಾರ್ ಸಾಹೇಬರು ಇಪ್ಪತ್ತೆರಡು ವರ್ಷ ಗೈಡ್ ಆಗಿ ನಿಂತಿದ್ದರು. ಅವರ ತಂದೆ ಟಾಂಗಾ ಹೊಡೆಯುತ್ತಿದ್ದವರು. ಟಾಂಗಾ ಹತ್ತಿದ ಪರದೇಶದವರ ಪಕ್ಕ ಕೂತು ಕೂತು ಇಂಗ್ಲಿಷ್ ಕಲಿತ ಮಗ, ಕೊರಳಿಗೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೂಗುಹಾಕಿಕೊಂಡು ಊರು ತೋರಿಸುವವನಾದ. ಅರಮನೆಗೆ ನೇರವಾಗಿ ಅವರು ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. ಮೊದಲು ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಆಮೇಲೆ ಅರಮನೆ. “ಮೂಗು ಮೊದಲು ಊರೊಳಗೆ ಬರ್ಬೇಕು ಸರ್, ಕಣ್ಣು ಹಿಂದೆ ಬರುತ್ತೆ” ಅನ್ನುತ್ತಿದ್ದರು.

ಹೆಂಡತಿ ಸಯೀದಾ ಅವರ ಅಣ್ಣ ಅಮೆರಿಕದಲ್ಲಿ ಎಂಜಿನಿಯರು. ತಂಗಿಯ ಸಂಸಾರವನ್ನು ಅಲ್ಲಿಗೆ ಕರೆಸಿಕೊಳ್ಳಲು ಆತ ಯಾವ ಕಾಲದಲ್ಲೋ ಹಾಕಿದ್ದ ಅರ್ಜಿ, ಎಲ್ಲರೂ ಮರೆತೇಬಿಟ್ಟ ಮೇಲೆ, ೨೦೧೧ರಲ್ಲಿ ಮಂಜೂರಾಗಿ ಬಂತು. ಮಗಳು ತಹ್ರೀಮ್‌ಗೆ ಆಗ ಹದಿನಾರು. ಅವಳ ಓದಿಗೆಂದು ಹೊರಟರು. ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು, ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಆವರಣದಲ್ಲಿ ಶಟಲ್ ಬಸ್ಸು ಓಡಿಸುವ ಕೆಲಸ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ದಿನವಿಡೀ ಅದೇ ಸುತ್ತು. ಹಿಂದೆ ಕೂತವರೆಲ್ಲ ಫೋನಿನಲ್ಲಿ ತಲೆ ಹುದುಗಿಸಿದವರು. ಅವರಿಗೆ ಏನನ್ನೂ ತೋರಿಸಬೇಕಾಗಿರಲಿಲ್ಲ. ಕೆಲಸ ಹಗುರವಾಗಿತ್ತು. ಆದರೆ ಮನೆಯಲ್ಲಿ ಉರ್ದು ಕನ್ನಡ ಎರಡನ್ನೂ ಕಲಸಿ ಹರಟುತ್ತಿದ್ದ ಮನುಷ್ಯ ಬರಬರುತ್ತ ಮಾತು ಕಡಿಮೆ ಮಾಡಿದ್ದನ್ನು ಸಯೀದಾ ಗಮನಿಸಿದ್ದರು.

ಮಾತು ಮತ್ತೆ ಶುರುವಾದದ್ದು ಎಫ್ರಾಯಿನ್‌ನಿಂದ. ಅವನೂ ಶಟಲ್ ಡ್ರೈವರು, ನಲವತ್ತು ದಾಟಿದವನು, ಮೆಕ್ಸಿಕೋದ ಪ್ವೆಬ್ಲಾ ಎಂಬ ಊರಿನವನು. ಚಳಿಗಾಲದ ಒಂದು ದಿನ ಮೋಡ ಸರಿದು, ಬಸ್ಸುಗಳು ನಿಲ್ಲುವ ಜಾಗದಿಂದ ರೇನಿಯರ್ ಪರ್ವತ ನಿಚ್ಚಳವಾಗಿ ಕಂಡಿತು. ಊಟದ ಡಬ್ಬಿ ಬಿಚ್ಚುತ್ತಿದ್ದ ಎಫ್ರಾಯಿನ್ ಅದನ್ನೇ ನೋಡುತ್ತ, “ನಮ್ಮೂರಲ್ಲೂ ಒಂದಿದೆ. ಅದು ಹೊಗೆ ಬಿಡುತ್ತೆ. ಪೊಪೊ ಅಂತೀವಿ” ಎಂದ.

“ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ?” ಸತ್ತಾರ್ ಸಾಹೇಬರ ಬಾಯಿಂದ ಪ್ರಶ್ನೆ ತಾನಾಗಿ ಬಂತು. ಕಸುಬಿನವನ ಪ್ರಶ್ನೆ ಅದು.

ಎಫ್ರಾಯಿನ್ ಡಬ್ಬಿ ಪಕ್ಕಕ್ಕಿಟ್ಟ. ಇಪ್ಪತ್ತು ವರ್ಷದಲ್ಲಿ ಅವನ ಊರಿನ ಬಗ್ಗೆ ಹಾಗೆ ಯಾರೂ ಕೇಳಿರಲಿಲ್ಲ. ಚೊಲೂಲಾದಲ್ಲಿ, ಅಂದ. ಪ್ವೆಬ್ಲಾದ ಮಗ್ಗುಲಲ್ಲೇ ಇರುವ ಊರು. ಅಲ್ಲೊಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಹಳದಿ ಇಗರ್ಜಿ. ಆದರೆ ಅದು ಗುಡ್ಡವೇ ಅಲ್ಲ, ಹಳೇ ಕಾಲದವರು ಕಟ್ಟಿದ ಪಿರಮಿಡ್ಡು. ಮಣ್ಣು ಮುಚ್ಚಿ, ಹುಲ್ಲು ಬೆಳೆದು ಹಾಗಾಗಿದೆ. ಬೆಳಿಗ್ಗೆಯೇ ಹತ್ತಬೇಕು, ಮಧ್ಯಾಹ್ನವಾದರೆ ಪೊಪೊ ಮೋಡ ಹೊದ್ದುಕೊಳ್ಳುತ್ತದೆ.

“ಗುಡ್ಡದ ಮೇಲೆ ದೇವರು. ನಮ್ಮ ಚಾಮುಂಡಿ ಬೆಟ್ಟದ ಥರ” ಅಂದರು ಸತ್ತಾರ್ ಸಾಹೇಬರು. ಆಮೇಲೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ವಿವರಿಸಬೇಕಾಯಿತು.

ಮೂರು ವರ್ಷ ನಡೆಯಿತು ಈ ಮಾತು. ಇಬ್ಬರದೂ ಅರೆಬರೆ ಇಂಗ್ಲಿಷು. ಎಫ್ರಾಯಿನ್ ಊರನ್ನು ನೆನಪಾದ ಹಾಗೆ ಹೇಳುತ್ತಿದ್ದ, ಸಾಹೇಬರು ಅದನ್ನು ಬೀದಿ ಬೀದಿಯಾಗಿ ಜೋಡಿಸಿಕೊಳ್ಳುತ್ತಿದ್ದರು. ಚೌಕದಲ್ಲಿ ಮುದುಕರು ಯಾವ ಬದಿಯ ಬೆಂಚಿನ ಮೇಲೆ ಕೂರುತ್ತಾರೆ? ದೊಡ್ಡ ಇಗರ್ಜಿಯಿಂದ ಹಳೇ ಗ್ರಂಥಾಲಯಕ್ಕೆ ಎಷ್ಟು ಹೆಜ್ಜೆ? ಮನೆಗೋಡೆಗೆ ಹಚ್ಚಿದ ಹೆಂಚಿನ ಮೇಲಿನ ನೀಲಿ ಬಣ್ಣ ಬಿಸಿಲಿಗೆ ಮಾಸುತ್ತದೋ ಇಲ್ಲವೋ? ಉತ್ತರ ಗೊತ್ತಿಲ್ಲದಿದ್ದರೆ ಎಫ್ರಾಯಿನ್ ಕಣ್ಣು ಮುಚ್ಚಿ ಕೂತು, ಮನಸ್ಸಿನಲ್ಲೇ ಅಲ್ಲಿಗೆ ನಡೆದುಹೋಗಿ ನೋಡಿಬಂದು ಹೇಳುತ್ತಿದ್ದ.

ಅವನ ತಾಯಿಗೆ ಸಿಹಿತಿಂಡಿ ಬೀದಿಯಲ್ಲಿ ಪುಟ್ಟ ಅಂಗಡಿ ಇತ್ತಂತೆ. ಗೆಣಸು ಬೇಯಿಸಿ, ಸಕ್ಕರೆ ಹಾಕಿ ಗೊಟಾಯಿಸಿ, ಬೆರಳಿನಂತೆ ಹೊಸೆದು ಕಾಗದ ಸುತ್ತಿ ಮಾರುತ್ತಿದ್ದರು. ಆಕೆ ತೀರಿಕೊಂಡಾಗ ಅವನಿಗೆ ಹೋಗಲಾಗಲಿಲ್ಲ. ಕಾಗದಪತ್ರ ಇನ್ನೂ ಇತ್ಯರ್ಥವಾಗಿರಲಿಲ್ಲ, ಹೋದರೆ ಹಿಂದಿರುಗುವ ದಾರಿ ಇರಲಿಲ್ಲ. ಇದನ್ನು ಅವನು ಒಂದೇ ಸಲ ಹೇಳಿದ. ಸಾಹೇಬರು ಕೆದಕಿ ಕೇಳಲಿಲ್ಲ.

೨೦೧೬ರ ಹೊತ್ತಿಗೆ ತಹ್ರೀಮ್ ಓದು ಮುಗಿಸಿ ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಲ್ಯಾಪ್‌ಟಾಪ್ ತಂದು ಅಪ್ಪನ ಮುಂದಿಟ್ಟಳು.

“ಅಬ್ಬಾ, ಡಿಸೆಂಬರಲ್ಲಿ ಮೆಕ್ಸಿಕೋಗೆ ಹೋಗೋಣ. ನೋಡಿ, ಬೀಚು ಎಷ್ಟು ಚೆನ್ನಾಗಿದೆ.”

“ಬೀಚು ಬೇಡಮ್ಮ. ಪ್ವೆಬ್ಲಾಗೆ ಬುಕ್ ಮಾಡು.”

“ಅಲ್ಲೇನಿದೆ?”

ಸತ್ತಾರ್ ಸಾಹೇಬರು ಹೇಳಲು ಶುರು ಮಾಡಿದರು. ಸಯೀದಾ ಒಲೆ ಆರಿಸಿ ಬಂದು ಕೂತರು. ತಹ್ರೀಮ್ ಮಧ್ಯದಲ್ಲೇ ಟಿಕೆಟ್ಟಿನ ಪುಟ ಬದಲಾಯಿಸಿದಳು.

ವಿಷಯ ತಿಳಿದ ಮೇಲೆ ಎಫ್ರಾಯಿನ್ ಒಂದು ವಾರ ಸರಿಯಾಗಿ ಮಾತನಾಡಲಿಲ್ಲ. ತಾನು ಕಾಣಲಾಗದ ಊರಿಗೆ ಇನ್ನೊಬ್ಬ ಹೊರಟನೆಂದು ನೋವಾಯಿತೇನೋ ಎಂದು ಸಾಹೇಬರು ಒಳಗೊಳಗೇ ಕುಗ್ಗಿದರು. ಹೊರಡುವ ಹಿಂದಿನ ದಿನ ಅವನೇ ಬಂದ. “ಅಮ್ಮನ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತ್ಕೋ. ಅಷ್ಟೇ ಸಾಕು” ಅಂದ.

ಪ್ವೆಬ್ಲಾದಲ್ಲಿ ಮೊದಲ ಬೆಳಿಗ್ಗೆ ತಹ್ರೀಮ್ ಫೋನಿನಲ್ಲಿ ದಾರಿ ಹುಡುಕುವಷ್ಟರಲ್ಲಿ ಅಪ್ಪ ಮುಂದೆ ನಡೆದಾಗಿತ್ತು. ನೇರ ಚೌಕಕ್ಕಲ್ಲ, ಮೊದಲು ಸಿಹಿತಿಂಡಿ ಬೀದಿಯ ಪಕ್ಕದ ಓಣಿಗೆ. ಮೆಣಸಿನಕಾಯಿ, ಎಳ್ಳು, ಚಕ್ಕೆ ಹುರಿಯುವ ಘಾಟು ಗಾಳಿಯಲ್ಲಿತ್ತು. ಸಯೀದಾ ಮೂಗೆತ್ತಿ, “ಮದುವೆ ಮನೆ ಮಸಾಲೆ ಇದ್ದ ಹಾಗಿದೆ” ಅಂದರು. ಸಾಹೇಬರಿಗೆ ಖುಷಿಯಾಯಿತು.

ಅಲ್ಲಿಂದ ಸ್ಯಾಂಟೋ ಡೊಮಿಂಗೋ ಇಗರ್ಜಿ. ಒಳಗೆ ಎಡಬದಿಯಲ್ಲಿ ಒಂದು ಪ್ರಾರ್ಥನಾ ಮಂದಿರ. “ತಲೆ ತಗ್ಗಿಸಿಕೊಂಡೇ ಬನ್ನಿ. ನಾನು ಹೇಳಿದಾಗ ಮೇಲೆ ನೋಡಿ” ಅಂದರು. ಗುಮ್ಮಟದ ಕೆಳಗೆ ನಿಲ್ಲಿಸಿ, “ಈಗ” ಅಂದರು. ಗೋಡೆ, ಕಮಾನು, ಛಾವಣಿ ಎಲ್ಲ ಬಂಗಾರದ ಬಳ್ಳಿ, ಬಂಗಾರದ ಎಲೆ, ನಡುನಡುವೆ ಪುಟ್ಟ ಮುಖಗಳು. ತಹ್ರೀಮ್ ಫೋನು ತೆಗೆಯುವುದನ್ನು ಮರೆತು ನಿಂತಳು.

ಚೌಕದ ಬದಿಯ ದೊಡ್ಡ ಇಗರ್ಜಿಯ ಬೇಲಿಕಂಬಗಳ ಮೇಲೆ ದೇವದೂತರ ಸಾಲು. ಸಾಹೇಬರು ಗಂಟೆಯ ಕಥೆ ಎತ್ತಿಕೊಂಡರು. ಗೋಪುರ ಕಟ್ಟಿದ್ದಾಯಿತು, ಗಂಟೆ ಎರಕ ಹೊಯ್ದದ್ದಾಯಿತು, ಆದರೆ ಆ ಭಾರದ ಗಂಟೆಯನ್ನು ಮೇಲೇರಿಸುವುದು ಯಾರಿಂದಲೂ ಆಗಲಿಲ್ಲ. ಊರಿಗೆ ಊರೇ ಮಲಗಿದ್ದಾಗ ದೇವದೂತರು ಇಳಿದು ಬಂದರು. ಬೆಳಿಗ್ಗೆ ಎದ್ದು ನೋಡಿದರೆ ಗಂಟೆ ಗೋಪುರದಲ್ಲಿ. ಹೇಳುತ್ತ ಹೇಳುತ್ತ ಇಂಗ್ಲಿಷಿಗೆ ಹೊರಳಿದ್ದು ಅವರಿಗೇ ತಿಳಿಯಲಿಲ್ಲ. ಸುತ್ತ ಐದಾರು ಪ್ರವಾಸಿಗಳು ಸೇರಿದ್ದರು. ಕಥೆ ಮುಗಿದ ಮೇಲೆ ಟೊಪ್ಪಿಗೆಯ ಹಿರಿಯರೊಬ್ಬರು, “ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ?” ಎಂದು ಕೇಳಿದರು.

“ನಿನ್ನೆ ಬಂದೆ” ಅಂದರು ಸಾಹೇಬರು. ಅವರೆಲ್ಲ ನಕ್ಕರು, ತಮಾಷೆಯೆಂದುಕೊಂಡು.

ಸಯೀದಾ ನಗಲಿಲ್ಲ. ಆ ದನಿಯನ್ನು ಅವರು ಐದು ವರ್ಷದಿಂದ ಕೇಳಿರಲಿಲ್ಲ. ಅರಮನೆಯ ಬಾಗಿಲಿಂದ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಅವತ್ತಿನ ಕಥೆ ಹೇಳುತ್ತಿದ್ದ ದನಿ ಅದು. ಅವರು ಸುಮ್ಮನೆ ಗಂಡನ ತೋಳು ಹಿಡಿದುಕೊಂಡರು. ಬೀದಿಯಲ್ಲಿ ಹಾಗೆ ಹಿಡಿದವರೇ ಅಲ್ಲ.

ಗ್ರಂಥಾಲಯ ಇಗರ್ಜಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ. ಮೂರು ಅಂತಸ್ತು ಮರದ ಕಪಾಟು, ನೂರಾರು ವರ್ಷದ ಚರ್ಮದ ರಟ್ಟಿನ ಪುಸ್ತಕ. ಮಾರನೆಯ ಬೆಳಿಗ್ಗೆ ಚೊಲೂಲಾದ ಗುಡ್ಡ ಹತ್ತಿದರು. ಪೊಪೊ ತೆಳ್ಳಗೆ ಹೊಗೆ ಬಿಡುತ್ತ ಕೂತಿತ್ತು. ಸಾಹೇಬರಿಗೆ ಯಾಕೋ ತಂದೆ ನೆನಪಾದರು. ಅಪ್ಪ ಚಾಮುಂಡಿ ಬೆಟ್ಟದ ಬುಡದಲ್ಲಿ ಕುದುರೆ ಬಿಚ್ಚಿ ನಿಂತು, ಮೇಲಿನಿಂದ ಊರು ಹೇಗೆ ಕಾಣುತ್ತದೆಂದು ಇಳಿದು ಬಂದ ಮಗನನ್ನು ಕೇಳುತ್ತಿದ್ದರು. ಮಂಡಿನೋವಿನಿಂದ ಅವರು ಹತ್ತುತ್ತಿರಲಿಲ್ಲ.

ಕೊನೆಯ ದಿನ ಸಿಹಿತಿಂಡಿ ಬೀದಿಗೆ ಒಬ್ಬರೇ ಹೋದರು. ಎಫ್ರಾಯಿನ್ ಹೇಳಿದ ಗುರುತುಗಳೆಲ್ಲ ಇದ್ದವು: ಮೂಲೆಯ ಮನೆಗೋಡೆಯ ನೀಲಿ ಹೆಂಚು, ಎದುರಿನ ಕಬ್ಬಿಣದ ಬಾಲ್ಕನಿ. ಅಂಗಡಿ ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಫೋನಿನ ಕವರುಗಳು ನೇತಾಡುತ್ತಿದ್ದವು. ಅವರು ಕಾಲು ಗಂಟೆ ನಿಂತರು. ಕವರು ಮಾರುವ ಹೆಂಗಸು ಏನು ಬೇಕೆಂದು ಕೇಳಿದಳು. ಭಾಷೆ ಬಾರದೆ ತಲೆಯಾಡಿಸಿದರು.

ಹಿಂದಿರುಗುವ ವಿಮಾನದಲ್ಲಿ ಒಂದೇ ಯೋಚನೆ. ಗೈಡು ಕೆಲಸದಲ್ಲಿ ಸಣ್ಣಪುಟ್ಟ ಸುಳ್ಳು ಹೇಳಿದವರೇ ಅವರು. ಬಾಗಿಲು ಹಾಗೇ ಇದೆ, ಗೆಣಸು ಬೇಯುವ ವಾಸನೆಯೂ ಇದೆ ಅಂದರೆ ಯಾರಿಗೆ ನಷ್ಟ?

“ಸುಳ್ಳು ಹೇಳ್ಬೇಡಿ” ಅಂದರು ಅಂಗಡಿಯ ವಿಷಯ ತಿಳಿದಿದ್ದ ಸಯೀದಾ, ಅವರು ಬಾಯಿ ಬಿಡುವ ಮೊದಲೇ. “ಅವರು ಮೂರು ವರ್ಷ ನಿಮಗೆ ನಿಜ ಹೇಳಿದಾರೆ.”

ಸೋಮವಾರ ಊಟದ ಹೊತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಫ್ರಾಯಿನ್ ತಲೆದೂಗಿದ. “ಗೊತ್ತು. ಫೋನಲ್ಲಿ ಬೀದಿ ಫೋಟೋ ಬರುತ್ತಲ್ಲ, ಅದರಲ್ಲಿ ನೋಡಿದೀನಿ. ಆದ್ರೆ ನಮ್ಮವರು ಯಾರೂ ಅಲ್ಲಿ ಹೋಗಿ ನಿಂತಿರ್ಲಿಲ್ಲ.” ಆಮೇಲೆ ಕೇಳಿದ, “ಬಿಸಿಲಿತ್ತಾ?”

“ಇತ್ತು. ಎಡಗಡೆ ಗೋಡೆ ಮೇಲೆ.”

“ಹಾಗಾದ್ರೆ ಹತ್ತು ಗಂಟೆ ಆಗಿರುತ್ತೆ” ಎಂದು ಎಫ್ರಾಯಿನ್ ಮುಖ ಒರೆಸಿಕೊಂಡ.

ಮುಂದಿನ ಸೆಪ್ಟೆಂಬರಿನಲ್ಲಿ ಅಲ್ಲಿ ಭೂಕಂಪವಾಯಿತು. ಗುಡ್ಡದ ಮೇಲಿನ ಇಗರ್ಜಿಗೂ ಪೆಟ್ಟು ಬಿತ್ತೆಂದು ಸುದ್ದಿ ಬಂದ ದಿನ ಇಬ್ಬರೂ ಡಬ್ಬಿ ಬಿಚ್ಚಲಿಲ್ಲ. ಎಫ್ರಾಯಿನ್‌ನ ಕಾಗದಪತ್ರ ೨೦೧೮ರಲ್ಲಿ ಆಯಿತು. ಎರಡು ವಾರದ ರಜೆ ಹಾಕಿ ಹೊರಟ. ಹೊರಡುವ ಮುಂಚೆ ಚೊಲೂಲಾಗೆ ಈಗ ಬಸ್ಸು ಎಲ್ಲಿಂದ ಹೊರಡುತ್ತದೆಂದು ಅವನೇ ಸಾಹೇಬರನ್ನು ಕೇಳಬೇಕಾಯಿತು. ಸಾಹೇಬರು ನಿಧಾನವಾಗಿ, ಎರಡು ಸಲ ಹೇಳಿದರು.

ಅವನಿಲ್ಲದ ಆ ದಿನಗಳಲ್ಲೇ ಸಾಹೇಬರಿಗೆ ಹೊಳೆಯಿತು, ಏಳು ವರ್ಷ ಓಡಾಡಿದ ಈ ಸಿಯಾಟಲ್ ತಮಗೆ ಕೆಲವೇ ದಿನ ಕಂಡ ಪ್ವೆಬ್ಲಾದಷ್ಟೂ ಗೊತ್ತಿಲ್ಲವೆಂದು. ಶನಿವಾರ ಶನಿವಾರ ಒಬ್ಬರೇ ಸುತ್ತತೊಡಗಿದರು, ಕಂಡವರನ್ನೆಲ್ಲ ಕೇಳತೊಡಗಿದರು. ಆಮೇಲೆ ತಮ್ಮದೇ ಕಟ್ಟಡದಲ್ಲಿದ್ದ ಗುರುಪ್ರಸಾದ್ ಅವರ ತಾಯಿ ವಸಂತಲಕ್ಷ್ಮಿಯವರು, ಮೈಸೂರಿನಿಂದ ಆರು ತಿಂಗಳಿಗೆಂದು ಬಂದವರು, ಮನೆಯಲ್ಲೇ ಕೂತು ಬೇಜಾರು ಅಂದಾಗ ಅವರನ್ನೂ ಕರೆದರು. ಅವರ ಹಿಂದೆ ಇನ್ನೂ ನಾಲ್ವರು ಹಿರಿಯರು ಬಂದರು.

ಮೊದಲು ಪೈಕ್ ಮಾರುಕಟ್ಟೆಯ ಮೀನು, ಹೂವು. ಅಲ್ಲಿಂದ ಬ್ಯಾಲಾರ್ಡ್‌ನಲ್ಲಿ ಸಾಲ್ಮನ್ ಮೀನು ನೀರಿನ ಮೆಟ್ಟಿಲು ಹತ್ತುವ ಜಾಗ. ಗಾಜಿನಾಚೆ ಒಂದು ಮೀನು ನೀರಿನ ರಭಸಕ್ಕೆ ಎದುರಾಗಿ ನಿಂತಿತ್ತು.

“ಇದು ಹುಟ್ಟಿದ್ದು ಮೇಲೆ ನದೀಲಿ. ಸಮುದ್ರಕ್ಕೆ ಹೋಗಿ ಬೆಳೆದು, ಈಗ ವಾಪಸ್ ಹೋಗ್ತಾ ಇದೆ” ಅಂದರು ಸತ್ತಾರ್ ಸಾಹೇಬರು.

“ದಾರಿ ಹೇಗೆ ಗೊತ್ತಾಗುತ್ತಂತೆ?” ವಸಂತಲಕ್ಷ್ಮಿ ಕೇಳಿದರು.

“ವಾಸನೆ ಮೇಲೆ ಅಂತಾರಮ್ಮ. ಇಲ್ಲಿ ಬನ್ನಿ, ಈ ಕಡೆಯಿಂದ ಇನ್ನೂ ಚೆನ್ನಾಗಿ ಕಾಣುತ್ತೆ” ಎಂದು ಅವರು ಗಾಜಿನ ಮುಂದೆ ಜಾಗ ಮಾಡಿಕೊಟ್ಟರು.