ಗಾಡಿ ಮಲಗಿದ ದಿಕ್ಕು

ಚಳಿಗಾಲದ ಬೆಳಗ್ಗೆಯೂ ನಮ್ಮ ಪಿಕಪ್ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅದೇ ಅದರ ಮೋಸ. ಗುರ್ ಎಂದು ಸದ್ದು ಮಾಡಿ ನನ್ನನ್ನು ನಂಬಿಸಿ, ಅಂಗಳದ ಗೇಟು ದಾಟುವಷ್ಟರಲ್ಲಿ ಉಸಿರು ಹಿಡಿಯುತ್ತಿತ್ತು. ಎಕ್ಸಿಲರೇಟರ್ ತುಳಿದರೆ ಎಳೆಯುತ್ತಿರಲಿಲ್ಲ. ಕೆಮ್ಮುತ್ತಿತ್ತು, ಜಗ್ಗುತ್ತಿತ್ತು, ಕೆಲವು ದಿನ ನಿಂತೇ ಬಿಡುತ್ತಿತ್ತು. ಹೀಗೆ ಸ್ವಲ್ಪ ಹೊತ್ತು ಆಟವಾಡಿಸಿ, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಬೈಲಹೊಂಗಲದ ತನಕ ಓಡುತ್ತಿತ್ತು.

ಬೆಳಗಿನ ಪಾಳಿ ನನ್ನದು. ದೊಡವಾಡದಲ್ಲಿ ನಮ್ಮದು ಕಬ್ಬು, ಮೆಣಸಿನಕಾಯಿ, ಒಂದಿಷ್ಟು ಸೊಪ್ಪು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ನನ್ನ ಗಂಡ ಟ್ರ್ಯಾಕ್ಟರ್ ಹತ್ತಿ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿ ಮುಂದೆ ಸಾಲು ಹಚ್ಚುತ್ತಾರೆ. ಮನೆಗೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಮೆಣಸಿನಕಾಯಿ ಮಾತ್ರ ಅವರ ದಾರಿ ಕಾಯುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಬೆಳಗ್ಗೆ ಹರಾಜಿನ ಸವಾಲು ಶುರುವಾಗುವ ಹೊತ್ತಿಗೆ ಅಲ್ಲಿರಬೇಕು. ಅದಕ್ಕೇ ಅವರು ನನಗೆ ಗಾಡಿ ಕಲಿಸಿದ್ದು.

ಕಲಿಸಿದ್ದು ಅವರು, ಹುಚ್ಚು ಹಿಡಿದದ್ದು ನನಗೆ. ರೊಟ್ಟಿ ಬಡಿಯುವುದನ್ನು ಅತ್ತೆಗೆ ಒಪ್ಪಿಸಿ, ಕಿಟಕಿ ಇಳಿಸಿ, ಯಾರೂ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಸೋಬಾನೆ ಪದಗಳನ್ನು ಗಂಟಲು ಹರಿಯುವಂತೆ ಹಾಡುತ್ತಾ ಹೋಗುವ ಆ ದಾರಿಯಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಸವಾಲಿನವರು ನನ್ನ ಚೀಲದ ಮುಂದೆ ಬಂದು ಕೂಗುವಾಗ ಎದೆ ಉಬ್ಬುತ್ತಿತ್ತು. ಆಮೇಲೆ ಪೇಟೆಯ ಚಹಾ. ಅದನ್ನು ಯಾರಿಗೂ ಮಾಡಿಕೊಡಬೇಕಿಲ್ಲ, ಕುಡಿದರೆ ಸಾಕು.

ಕೆಮ್ಮು ಹೆಚ್ಚಾದಾಗ ಗಾಡಿಯನ್ನು ಪೇಟೆಯ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಷ್ಟು ದೂರ ಓಡಿ ಎಂಜಿನ್ ಕಾದಿತ್ತು, ಕೆಮ್ಮು ಎಲ್ಲಿಂದ ಬರಬೇಕು? ಗ್ಯಾರೇಜಿನವನು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, “ಗಾಡಿ ಬೆಣ್ಣಿ ಹಂಗ ಐತ್ರಿ. ಮುಂಜಾನೆ ಯಾರು ಹೊಡೀತಾರ?” ಎಂದ.

“ನಾನ ಹೊಡೀತೇನಿ,” ಎಂದೆ.

“ಹಂಗ್ರಿ?” ಎಂದು ಬಾನೆಟ್ ಮುಚ್ಚಿದ. ಮುಂದೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

ಮನೆಯಲ್ಲಿ ಗಂಡ ಆಡಿದರು. “ನೀ ಕ್ಲಚ್ ಲಗೂ ಬಿಡತಿ. ಅದಕ್ಕ ಅದು ಹಂಗ ಮಾಡತೈತಿ.” ಹಾಗಿದ್ದರೆ ನೀವೇ ಒಂದು ಮುಂಜಾನೆ ಹೊಡೆದು ನೋಡಿರಿ ಎಂದು ಸವಾಲು ಹಾಕಿದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಅಂಗಳದಲ್ಲಿ ನಿಂತಿದ್ದ ಒಂದು ದಿನ ಅವರು ಮನೆಯಲ್ಲೇ ಇದ್ದರು. ಬೆಳಗ್ಗೆ ಎದ್ದು, ಮೀಸೆ ತಿರುವಿಕೊಂಡು ಪಿಕಪ್ ಹತ್ತಿದರು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಊರ ಅಗಸಿ ಬಾಗಿಲ ತನಕ ಹೋಗಿ, ತಿರುಗಿಸಿಕೊಂಡು ಬಂದು, ಕೀಲಿಯನ್ನು ನನ್ನ ಕೈಗಿಟ್ಟು ನಕ್ಕರು. ಆ ನಗೆಗೆ ನನ್ನ ಮೈಯೆಲ್ಲ ಉರಿಯಿತು.

ಅಂದೇ ಸಂಜೆ ಮಾವ ನನ್ನನ್ನು ಕರೆದು ಕೂಡಿಸಿದರು. “ನೋಡವಾ, ಡ್ರೈವರ್ ಒಬ್ಬಾಂವ ಬರತೇನಿ ಅಂದಾನ. ಬರೂ ಸೋಮವಾರದಿಂದ ಬರ್ಲಿ. ನಡುದಾರ್ಯಾಗ ಗಾಡಿ ನಿಂತು, ನೀ ಒಬ್ಬಾಕೆನ ಕುಂತಿದ್ದರ ನನ್ನ ಜೀವಕ್ಕ ಸಮಾಧಾನ ಇರೂದಿಲ್ಲ.” ಸಿಟ್ಟು ಮಾಡೋಣವೆಂದರೆ ಮಾತಿನ ತುಂಬ ಅಕ್ಕರೆ. ಅಕ್ಕರೆಯಿಂದಲೇ ಸೀಟು ಬಿಡಿಸಿದರೆ ಜಗಳ ಯಾರ ಹತ್ತಿರ ತೆಗೆಯುವುದು? ಹೂಂ ಎಂದೆ. ಒಳಗೆ ಹೋಗಿ ಅತ್ತುಬಿಟ್ಟೆ. ಸುಮ್ಮನೆ ಅಲ್ಲ, ಪಾತ್ರೆ ಬಡಿಯುತ್ತಾ ಅತ್ತುಬಿಟ್ಟೆ.

ಆ ನಡುವೆಯೇ ನನ್ನ ತವರೂರು ಮನೋಳಿಯಲ್ಲಿ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ನಾನೂ ಅತ್ತೆಯೂ ಅದೇ ಗಾಡಿಯಲ್ಲಿ ಹೋದೆವು. ಅಣ್ಣನ ಮನೆಯ ಓಣಿ ಇಕ್ಕಟ್ಟು, ಹೊಳೆಯ ಕಡೆಗೆ ಇಳಿಜಾರು. ತಿರುಗಿಸಲು ಜಾಗವಿಲ್ಲದೆ ಗಾಡಿಯನ್ನು ಮೂತಿ ಕೆಳಗೆ ಮಾಡಿಯೇ ನಿಲ್ಲಿಸಿದೆ. ಮರುದಿನ ಬೆಳಗ್ಗೆ ಮಲಪ್ರಭೆಯ ಮೇಲಿಂದ ಮಂಜು ಎದ್ದು, ದೊಡವಾಡಕ್ಕಿಂತ ಹೆಚ್ಚು ಚಳಿಯಿತ್ತು. ಕೆಮ್ಮಿಗೆ ತಯಾರಾಗಿ ಹಲ್ಲು ಕಚ್ಚಿಕೊಂಡು ಸ್ಟಾರ್ಟ್ ಮಾಡಿದೆ. ಗಾಡಿ ಒಳ್ಳೆಯ ಹುಡುಗಿಯಂತೆ ಹೊರಟಿತು.

ಪಕ್ಕದಲ್ಲಿ ಕುಳಿತಿದ್ದ ಅತ್ತೆ ಊರ ಹೊರಗೆ ಬರುವ ತನಕ ಕಾದು ಕೇಳಿದರು: “ಇವತ್ತ ಕೆಮ್ಮಲೇ ಇಲ್ಲಲ್ಲ. ನಿನ್ನ ತವರಮನ್ಯಾಗ ಅದಕ್ಕೂ ಹೋಳಿಗಿ ತಿನಿಸಿದ್ರೇನು?”

ನಾನು ನಗಲಿಲ್ಲ, ಯಾಕೆಂದರೆ ತಲೆಯಲ್ಲಿ ಏನೋ ಓಡುತ್ತಿತ್ತು. ಕಾಲು ನನ್ನದೇ, ಚಳಿ ಹೆಚ್ಚೇ, ಆದರೂ ಗಾಡಿ ಕೆಮ್ಮಲಿಲ್ಲ. ಗಂಡ ಹೊಡೆದ ದಿನವೂ ಕೆಮ್ಮಿರಲಿಲ್ಲ. ಆ ರಾತ್ರಿ ಅಂಗಳದಲ್ಲಿ ಟ್ರ್ಯಾಕ್ಟರ್ ಇದ್ದುದರಿಂದ ಪಿಕಪ್ ಹೊರಗೆ, ಸಮತಟ್ಟಾದ ರಸ್ತೆಯ ಮೇಲೆ ನಿಂತಿತ್ತು. ಉಳಿದೆಲ್ಲ ರಾತ್ರಿ ಅದು ಮಲಗುವುದು ನಮ್ಮ ಅಂಗಳದಲ್ಲಿ, ಮೂಡಲಿಗೆ ಮುಖ ಮಾಡಿ. ದನವನ್ನು ಹೇಗೆ ಕಟ್ಟುತ್ತೇವೋ ಗಾಡಿಯನ್ನೂ ಹಾಗೆಯೇ ನಿಲ್ಲಿಸಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ನಮ್ಮ ಅಂಗಳವೋ ಮೂಡಲಿಗೆ ಏರು. ಅಂದರೆ ಎಂಜಿನ್ ಮೇಲೆ, ಹಿಂದಿನ ಡೀಸೆಲ್ ಟಾಕಿ ಕೆಳಗೆ. ಹೊಳೆದಂಡೆಯಲ್ಲಿ ನಮ್ಮಪ್ಪನ ಡೀಸೆಲ್ ಪಂಪಿಗೆ ಏರ್ ಹಿಡಿದಾಗ ಅದೂ ಹೀಗೇ ಕೆಮ್ಮುತ್ತಿತ್ತು. ಎಲ್ಲೋ ಪೈಪು ಸೀಳಿದೆ, ರಾತ್ರಿಯೆಲ್ಲ ಡೀಸೆಲ್ ಹಿಂದಕ್ಕೆ ಇಳಿದು ಗಾಳಿ ಸೇರುತ್ತಿದೆ ಎಂದು ನನ್ನ ಮನಸ್ಸು ಹೇಳಿತು.

“ಅತ್ತಿ, ಇವತ್ತೊಂದು ರಾತ್ರಿ ಗಾಡಿನ ಪಡುವಲಕ್ಕ ಮಕಾ ಮಾಡಿ ನಿಂದ್ರಸತೇನಿ,” ಎಂದೆ.

“ಸಾಧ್ಯ ಇಲ್ಲ. ಸೂರ್ಯಾ ಮುಳುಗೂ ಕಡೆ ಮಕಾ ಮಾಡಿ ಯಾರರ ನಿಂದ್ರಸತಾರೇನು?”

ವಾದ ಮಾಡಿ ಅವರನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮಾವನೂ ಇಲ್ಲ. ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಕಡೆಗೇ ನೋಡುತ್ತಾ ಕುಳಿತಿದ್ದ ಪುಟ್ಟ ಬಸವಣ್ಣನ ಮೂರ್ತಿ ಕಣ್ಣಿಗೆ ಬಿತ್ತು.

“ಹಂಗಾರ ಅತ್ತಿ, ಗಾಡಿ ಮೂಡಲಕ್ಕ ನೋಡಿದ್ರ ಬಸವಣ್ಣ ಎತ್ತ ನೋಡತಾನ್ರಿ?”

ಅತ್ತೆ ಮೂರ್ತಿಯನ್ನು ನೋಡಿದರು. ಮುಂದಿನ ರಸ್ತೆ ನೋಡಿದರು. ಮತ್ತೆ ಮೂರ್ತಿ ನೋಡಿದರು. ಆಮೇಲೆ ಗಲ್ಲ ಗಲ್ಲ ಬಡಿದುಕೊಂಡು ಹೇಳಿದರು: “ಇಷ್ಟ ದಿನಾ ದೇವರನ್ನ ಪಡುವಲಕ್ಕ ಕೂಡಸೇವಲ್ಲವಾ. ಇವತ್ತ ತಿರುಗಿಸಿ ನಿಂದ್ರಸು.”

ತಿರುಗಿಸಿ ನಿಲ್ಲಿಸಿದೆ. ಬೆಳಗ್ಗೆ ಗಾಡಿ ಗೇಟು ದಾಟಿತು, ಕೆಮ್ಮಲಿಲ್ಲ. ನಾನು ಪೇಟೆಯಿಂದ ಬರುವಷ್ಟರಲ್ಲಿ ಅತ್ತೆ ಕಸಬರಿಗೆ ಹಿಡಿದು ಕಾಯುತ್ತಿದ್ದರು. ಅವರು ಹಿಂದಿನ ದಿನ ಸಾರಿಸಿದ್ದ ಅಂಗಳದ ಮೇಲೆ, ಗಾಡಿಯ ನಡುಭಾಗ ನಿಂತಿದ್ದ ಕಡೆ, ಅಂಗೈಯಗಲದ ಡೀಸೆಲ್ ಕಲೆ. ನನ್ನ ಜೀವನದಲ್ಲಿ ಯಾವ ಕಲೆಯನ್ನೂ ನೋಡಿ ಅಷ್ಟು ಕುಣಿದಿಲ್ಲ. ಟಾಕಿ ಮೇಲಾದ್ದರಿಂದ ಡೀಸೆಲ್ ಹಿಂದಕ್ಕೆ ಇಳಿಯದೆ ಸೀಳಿನಿಂದ ತೊಟ್ಟಿಕ್ಕಿತ್ತು; ಪೈಪು ಸೀಳಿದ ಜಾಗವನ್ನು ಆ ಕಲೆ ಬೊಟ್ಟು ಮಾಡಿ ತೋರಿಸುತ್ತಿತ್ತು.

ಫ್ಯಾಕ್ಟರಿಯಿಂದ ಬಂದ ಗಂಡನಿಗೆ ಎಲ್ಲ ಹೇಳಿದರೆ, “ಒಂದ ಸಲ ಛಲೋ ಹೋದದ್ದಕ್ಕ ನಂಬಬೇಕೇನು?” ಎಂದರು. ನಂಬಬೇಡಿರಿ ಎಂದೆ. ಆ ಸಂಜೆ ಗಾಡಿಯನ್ನು ಮತ್ತೆ ಏರಿಗೆ ಮುಖ ಮಾಡಿ ನಿಲ್ಲಿಸಿದೆ. ಮರುದಿನ ಅವರೇ ಹತ್ತಿದರು. ಗೇಟಿನ ನಟ್ಟನಡುವೆ ಗಾಡಿ ಕೆಮ್ಮಿತು, ಜಗ್ಗಿತು, ನಿಂತಿತು. ಹಿಂದೆ ಮೆಣಸಿನಕಾಯಿ ಚೀಲಗಳು ಒಂದರ ಮೇಲೊಂದು ವಾಲಿದವು.

ಅತ್ತೆ ಕಟ್ಟೆಯ ಮೇಲಿಂದ ಕೇಳಿದರು: “ಯಾಕಪಾ, ಕ್ಲಚ್ ಲಗೂ ಬಿಟ್ಟೇನು?”

ನನ್ನ ಗಂಡನಿಗೆ ಒಂದು ಒಳ್ಳೆಯ ಗುಣವಿದೆ, ಸೋತಾಗ ಮನಸಾರೆ ನಗುತ್ತಾರೆ. ಸ್ಟೇರಿಂಗ್ ಮೇಲೆ ಹಣೆ ಇಟ್ಟು ನಕ್ಕರು. ಅಂದೇ ಮಧ್ಯಾಹ್ನ ಇಬ್ಬರೂ ಗಾಡಿಯ ಕೆಳಗೆ ಮಲಗಿ, ಸೀಳಿದ ರಬ್ಬರ್ ಪೈಪನ್ನು ಬಿಚ್ಚಿ ಹೊಸದು ಹಾಕಿದೆವು. ಇನ್ನು ಯಾವ ದಿಕ್ಕಿಗಾದರೂ ನಿಲ್ಲಿಸಬಹುದು ಎಂದರೂ ಅತ್ತೆ ಕೇಳಲಿಲ್ಲ. ಬಸವಣ್ಣ ಮೂಡಲಿಗೇ ನೋಡಬೇಕಂತೆ.

ಈ ಸಂಭ್ರಮದಲ್ಲಿ ಡ್ರೈವರನಿಗೆ ಬರಬೇಡವೆಂದು ಹೇಳುವುದನ್ನು ಎಲ್ಲರೂ ಮರೆತಿದ್ದೆವು. ಸೋಮವಾರ ನಾನು ಪೇಟೆ ಮುಗಿಸಿ ಬಂದು ಒಳಗೆ ಕಾಲು ತೊಳೆಯುತ್ತಿದ್ದಾಗ, ಹೊಸ ಅಂಗಿ ತೊಟ್ಟ ಒಬ್ಬಾತ ಅಂಗಳದಲ್ಲಿ ಬಂದು ನಿಂತ. ಮಾವ ಅವನನ್ನು ಕೂಡಿಸಿ, ಚಹಾ ತರಿಸಿ, ಊರಿನ ಸುದ್ದಿ ಕೇಳಿದರು. ಆಮೇಲೆ ಒಳಗಿದ್ದ ನನಗೂ ಕೇಳುವಷ್ಟು ಗಟ್ಟಿಯಾಗಿ, “ತಪ್ಪ ತಿಳೀಬ್ಯಾಡಪಾ,” ಎಂದರು. “ನಮ್ಮ ಗಾಡಿಗೆ ಡ್ರೈವರ್ ಅದಾಳ.”