ಎಡಗೈ ರೈಫಲ್ ಲಿಬ್ಬಿಗೆ ಹೋದದ್ದು

ನನ್ನ ಅತ್ತಿಗೆ ಥೋರಾ ಲಿಂಡ್‌ವಿಕ್ ಒಂದು ಮಾತು ಆಡಿದರೆ ಮುಗಿಯಿತು, ಅದು ಹಾಗೇ ಆಗಬೇಕು. ಮೊಂಟಾನಾ ರಾಜ್ಯದ ಪೂರ್ವದ ತುದಿಯ ನಮ್ಮೂರು ಪ್ಲೆಂಟಿವುಡ್‌ನ ಸ್ಕೂಲ್ ಬಸ್ಸನ್ನು ಅವಳು ಓಡಿಸುತ್ತಿದ್ದ ಕಾಲದಲ್ಲಿ ಹಿಮಗಾಳಿ ಕೂಡ ಅವಳ ಅಪ್ಪಣೆ ಕೇಳಿಯೇ ಬೀಸುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಗಲಾಟೆ ಮಾಡಿದ ಹುಡುಗರೆಲ್ಲ ಈಗ ತಲೆ ನರೆತ ರೈತರು. ಇವತ್ತಿಗೂ ಅಂಗಡಿಯಲ್ಲಿ ಅವಳನ್ನು ಕಂಡರೆ ಟೋಪಿ ತೆಗೆದು ನೆಟ್ಟಗೆ ನಿಲ್ಲುತ್ತಾರೆ. ನಾನು ಅವಳ ಮೈದುನ ರೋಲ್ಫ್. ನನಗೆ ಆ ಭಯ ಇಲ್ಲ, ಅಥವಾ ಇಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ.

ನಮ್ಮಣ್ಣ ಆರ್ನೆ ಎಡಚ. ಅವನ ರೈಫಲ್ ಕೂಡ ಎಡಚರದ್ದೇ, ಗುಂಡು ಏರಿಸಲು ಎಳೆಯುವ ಬೋಲ್ಟಿನ ಹಿಡಿ ಎಡಗಡೆಗೆ. ಸಾಯುವ ಮುಂಚೆ ನನ್ನೆದುರಿಗೇ ಅತ್ತಿಗೆಗೆ ಹೇಳಿದ: "ಅದನ್ನ ಗೋಡೆಗೆ ನೇತುಹಾಕ್ಬೇಡ ಥೋರಾ. ಬೆಟ್ಟಕ್ಕೆ ಬೇಟೆಗೆ ಹೋಗೋ ಯಾರಾದ್ರೂ ಎಡಚರಿಗೆ ಮಾರು. ಆದ್ರೆ ಮೊಂಟಾನಾ ದಾಟಿ ಹೋಗೋದು ಬೇಡ." ಅತ್ತಿಗೆ "ಆಯ್ತು" ಎಂದಳು. ಅವಳ "ಆಯ್ತು" ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ.

ನನಗೋ, ಆ ರೈಫಲ್ ನನ್ನ ಮನೆಯ ಗೋಡೆಯ ಮೇಲೆ ಇರಬೇಕು ಎಂಬ ಆಸೆ. ಅಣ್ಣನದು ಅಂತ ನನ್ನ ಹತ್ತಿರ ಬೇರೇನಿದೆ? ಒಲೆಯ ಮೇಲುಗಡೆ ಎರಡು ಮೊಳೆ ಹೊಡೆದೂ ಆಗಿತ್ತು. ಯಾರಿಗೂ ಹೇಳಿರಲಿಲ್ಲ.

"ನೀನು ಬಲಗೈಯವನು, ಮಂಡಿ ನೋವು ಬೇರೆ. ಬೆಟ್ಟಕ್ಕೆ ಹೋಗ್ತೀಯಾ?" ಎಂದು ಅತ್ತಿಗೆ ಒಂದೇ ಸಲ ಕೇಳಿದಳು.

"ಅಣ್ಣನ ನೆನಪಿಗೆ, ಅತ್ತಿಗೆ."

"ನೆನಪಿಗೆ ಅವನ ಟೋಪಿ ತಗೊಂಡು ಹೋಗು."

ನಾನು ಮುಖ ಊದಿಸಿಕೊಂಡು ಬಂದೆ. ಟೋಪಿಯನ್ನೂ ತೆಗೆದುಕೊಳ್ಳಲಿಲ್ಲ.

ನಮ್ಮ ಕಡೆ ಎಡಚರು ಇಲ್ಲವೇನೋ ಅನ್ನಿಸುವಷ್ಟು ದಿನ ಅತ್ತಿಗೆ ಕೊಟ್ಟ ಜಾಹೀರಾತು ಸುಮ್ಮನೆ ಬಿದ್ದಿತ್ತು. ಕೊನೆಗೆ ರಾಜ್ಯದ ಪಶ್ಚಿಮದ ತುದಿಯಿಂದ ಲೈಲ್ ಪ್ರೆಂಟಿಸ್ ಎಂಬವನ ಫೋನು ಬಂತು. ಊರು ಟ್ರಾಯ್, ಲಿಬ್ಬಿಯ ಪಕ್ಕ. ಮಾತು ಮೃದು. ಎಲ್ಕ್ ಜಿಂಕೆಯ ಬೇಟೆ ಶುರುವಾಗುವುದರೊಳಗೆ ಬೇಕು ಎಂದ. ಅತ್ತಿಗೆ ಕೇಳಿದ್ದಕ್ಕೆ ತನ್ನ ಟ್ರಕ್ಕಿನ ಮುಂದೆ ನಿಂತ ಫೋಟೋ ಕಳಿಸಿದ. ಫೋಟೋದಲ್ಲಿ ನಾವು ಮುಖ ನೋಡಲಿಲ್ಲ, ನಂಬರ್ ಪ್ಲೇಟ್ ನೋಡಿದೆವು. ಮೊಂಟಾನಾದ ಪ್ಲೇಟಿನಲ್ಲಿ ಮೊದಲ ಅಂಕಿ ಯಾವ ಜಿಲ್ಲೆ ಎಂದು ಹೇಳಿಬಿಡುತ್ತದೆ. ನಮ್ಮದು ಮೂವತ್ನಾಲ್ಕು. ಲಿಬ್ಬಿ ಕಡೆಯದು ಐವತ್ತಾರು. ದಾರಿಯಲ್ಲಿ ಮೂವತ್ನಾಲ್ಕು ಕಂಡರೆ ಕೈ ಬೀಸುತ್ತೇವೆ, ಬೇರೆ ಅಂಕಿ ಕಂಡರೆ ಇವನಿಗೆ ಇಲ್ಲೇನು ಕೆಲಸ ಎಂದು ಯೋಚಿಸುತ್ತೇವೆ. ಹುಟ್ಟಿದಾಗಿನಿಂದ ನಮಗಿದು ಅಭ್ಯಾಸ.

"ಐವತ್ತಾರು. ನಮ್ಮವನೇ," ಎಂದಳು ಅತ್ತಿಗೆ. ಆ ಒಂದು ಅಂಕಿಗೇ ಅವಳು ಒಪ್ಪಿಬಿಟ್ಟಳು.

ಪ್ಯಾಕ್ ಮಾಡಲು ನನ್ನನ್ನು ಕರೆದಳು, ನಾನು ಗೊಣಗುತ್ತಲೇ ಹೋದೆ. ಬೋಲ್ಟ್ ಹಿಂದಕ್ಕೆ ಎಳೆದು ಗುಂಡು ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ನೋಡಿದಳು. ಖಾಲಿ. "ನೀನೂ ಬೆರಳು ಹಾಕು," ಎಂದಳು. ನಾನೂ ಹಾಕಿದೆ. ಖಾಲಿ. ಬೋಲ್ಟನ್ನು ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿದಳು. ಮರದ ಹಿಡಿಗೆ ಸುತ್ತಿದ್ದು ಆರ್ನೆಯ ಉಣ್ಣೆಯ ಒಳಚಡ್ಡಿ.

"ಅಯ್ಯೋ, ಬಿಚ್ಚಿ ನೋಡಿದವರು ಏನಂದ್ಕೊಳ್ತಾರೆ ಅತ್ತಿಗೆ?"

"ಒಗೆದಿದೀನಿ. ಅವನಿಗೆ ಚಳಿ ಆಗ್ತಿರ್ಲಿಲ್ಲ, ರೈಫಲ್‌ಗೂ ಆಗಲ್ಲ."

ಚರ್ಚಿಗೆ ಟ್ಯೂಬ್‌ಲೈಟ್ ಬಂದಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ ಎಲ್ಲವನ್ನೂ ತುರುಕಿ ಟೇಪ್ ಸುತ್ತಿದೆವು. ಜೊತೆಗೆ ಒಂದು ಗುಂಡೂ ಇಡಲಿಲ್ಲ. ಒಳಗೆ ಏನಿದೆ ಎಂದು ಹೊರಗೆ ಬರೆಯುವ ಹಾಗಿಲ್ಲ, ಬರೆಯಲಿಲ್ಲ. ಬಂದೂಕು ವ್ಯಾಪಾರದ ಲೈಸೆನ್ಸ್ ಇಲ್ಲದ ನಮ್ಮಂಥವರು ಉದ್ದದ ಬಂದೂಕನ್ನು ನಮ್ಮದೇ ರಾಜ್ಯದಲ್ಲಿ ಇರುವವರಿಗೆ ಅಂಚೆಯಲ್ಲಿ ಕಳಿಸಬಹುದು. ರಾಜ್ಯದ ಗಡಿ ದಾಟಬೇಕಾದರೆ ಅದು ಲೈಸೆನ್ಸ್ ಇರುವ ಅಂಗಡಿಯವನ ಕೈಗೇ ಹೋಗಬೇಕು. ಅತ್ತಿಗೆಗೆ ಇದೆಲ್ಲ ಬಾಯಿಪಾಠ. ಊರಿನಲ್ಲಿ ಯಾರೇ ಬಂದೂಕು ಕಳಿಸಲಿ, ಅದು ಅವಳ ಅಡುಗೆಮನೆಯ ಮೇಜಿನ ಮೇಲಿಂದಲೇ ಹೊರಡುವುದು.

ಸಂಜೆ ವಿಳಾಸವನ್ನು ಇನ್ನೊಮ್ಮೆ ಕೇಳೋಣ ಎಂದು ಅತ್ತಿಗೆ ಲೈಲ್‌ಗೆ ಫೋನ್ ಮಾಡಿದಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದಳು. ಅವನು ವಿಳಾಸ ಹೇಳುತ್ತಿರುವಾಗ ಹಿಂದಿನಿಂದ ಸೈರನ್ ಕೂಗಿತು.

"ಏನಪ್ಪ ಅದು ಸದ್ದು?"

"ಮರದ ಮಿಲ್ಲಿನ ಸೈರನ್ ಅಮ್ಮಾ. ಐದು ಗಂಟೆದು. ಶಿಫ್ಟ್ ಬಿಟ್ಟಿತು."

ನನಗೆ ಏನೂ ಹೊಳೆಯಲಿಲ್ಲ. ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದೆ. ಅತ್ತಿಗೆ ಮಾತ್ರ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದಳು. ಅದು ಆರು ತೋರಿಸುತ್ತಿತ್ತು.

"ಲೈಲ್," ಎಂದಳು. ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟುತ್ತಿದ್ದ ಅದೇ ದನಿ. "ಇಡೀ ಮೊಂಟಾನಾದಲ್ಲಿ ಈಗ ಆರು ಗಂಟೆ. ಐದು ಗಂಟೆ ಆಗಿರೋದು ಪಕ್ಕದ ಐಡಾಹೊ ರಾಜ್ಯದ ಗಡಿ ಆಚೆ, ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ನೀನು ಎಲ್ಲಿದೀಯಪ್ಪ?"



"ಗಡಿ ಆಚೇನೇ ಅಮ್ಮಾ, ಬಾನರ್ಸ್ ಫೆರೀಲಿ," ಎಂದ. "ಹೆಂಡತಿಗೆ ಇಲ್ಲಿ ಕೆಲಸ ಸಿಕ್ತು, ಬಂದ್ವಿ. ಟ್ರಾಯ್ ವಿಳಾಸ ನನ್ನ ಸ್ನೇಹಿತಂದು. ಅಲ್ಲಿಂದ ತಗೊಂಡು ಹೋಗೋಣ ಅಂತಿದ್ದೆ."

"ಮತ್ತೆ ಐವತ್ತಾರು?"

"ಪ್ಲೇಟ್ ಬದಲಾಯಿಸೋಕೆ ಮನಸ್ಸೇ ಬರ್ಲಿಲ್ಲ ಅಮ್ಮಾ."

"ಅದು ನಂಗೆ ಅರ್ಥ ಆಗುತ್ತೆ. ನಂಗೆ ಸುಳ್ಳು ಹೇಳಿದ್ದು ಅರ್ಥ ಆಗಲ್ಲ. ನನ್ನನ್ನ ಜೈಲಿಗೆ ಕಳಿಸೋಣ ಅಂತಿದ್ಯೇನೋ?"

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಬೇಟೆ ಹತ್ತಿರ ಬಂದಿತ್ತು, ಬೇರೆ ಎಡಚ ಎಲ್ಲಿ ಸಿಗುತ್ತಾನೆ? ಮೊಳೆಗಳು ನನಗಾಗಿ ಕಾಯುತ್ತಿದ್ದವು. "ಮುಗೀತಲ್ಲ ಅತ್ತಿಗೆ. ಪೆಟ್ಟಿಗೆ ನನ್ನ ಗಾಡೀಲಿ ಇಡ್ಲಾ?" ಎಂದು ಎದ್ದೆ.

"ಕೂತ್ಕೊ," ಎಂದಳು. ಕೂತೆ.

"ಲೈಲ್, ಎಡಚ ಯಾರು? ನೀನಾ?"

"ಅಲ್ಲಮ್ಮಾ. ನನ್ನ ಮಗಳು ಕೆಂಡ್ರಾ. ಲಿಬ್ಬೀಲಿ ಅಂಬುಲೆನ್ಸ್ ಓಡಿಸ್ತಾಳೆ. ಚಿಕ್ಕಂದಿನಿಂದ ನನ್ನ ಬಲಗೈ ರೈಫಲ್ ಇಟ್ಕೊಂಡೇ ಒದ್ದಾಡಿದಾಳೆ. ಹೇಳದೆ ಕೊಟ್ಟು ಖುಷಿಪಡಿಸೋಣ ಅಂತ..."

"ಲಿಬ್ಬೀಲೇ ಇರೋದಾ? ಅವಳ ಡ್ರೈವಿಂಗ್ ಲೈಸೆನ್ಸೂ ಮೊಂಟಾನಾದ್ದೇನಾ?"

"ಹೂಂ. ಅವಳು ಊರು ಬಿಟ್ಟು ಬರ್ಲಿಲ್ಲ. ಅದಕ್ಕೇ ನಮ್ಮನೇಲಿ ಜಗಳ."

"ಹಾಗಾದ್ರೆ ಅವಳೇ ಕೊಂಡ್ಕೊಳ್ಲಿ, ಅವಳ ದುಡ್ಡಲ್ಲೇ. ನೀನು ಮಧ್ಯ ಬರ್ಬೇಡ. ಅವಳೇ ನಂಗೆ ಫೋನ್ ಮಾಡ್ಬೇಕು." ಟಕ್ಕೆಂದು ಇಟ್ಟುಬಿಟ್ಟಳು.

"ಅಪ್ಪ ಸುಳ್ಳ, ಮಗಳು ಹೇಗಿರ್ತಾಳೋ," ಎಂದೆ ನಾನು.

"ನಿಮ್ಮಪ್ಪ ತಾನು ಹಿಡಿದ ಮೀನಿನ ತೂಕ ಯಾವತ್ತಾದ್ರೂ ನಿಜ ಹೇಳಿದ್ರಾ? ಆರ್ನೆ ಸರಿಯಾಗೇ ಇದ್ನಲ್ಲ," ಎಂದಳು. ನಾನು ಸರಿಯಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ಕೆಂಡ್ರಾ ಊಟದ ಹೊತ್ತಿಗೇ ಫೋನ್ ಮಾಡಿದಳು. "ನಮ್ಮಪ್ಪ ಏನೇನು ಸುಳ್ಳು ಹೇಳಿದಾರೆ ಅಮ್ಮಾ? ಎಲ್ಲದಕ್ಕೂ ನಾನೇ ಕ್ಷಮೆ ಕೇಳ್ತೀನಿ," ಎಂದು ಶುರು ಮಾಡಿದಳು. ಕೇಳುವ ಮುಂಚೆಯೇ ಡ್ರೈವಿಂಗ್ ಲೈಸೆನ್ಸಿನ ಫೋಟೋ ಕಳಿಸಿದ್ದಳು. ವಿಳಾಸ ಲಿಬ್ಬಿಯದೇ. ಅತ್ತಿಗೆ ಅದನ್ನು ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದೂ ನೋಡಿದಳು.

"ಬಲಗೈ ರೈಫಲ್ ಬೋಲ್ಟ್ ಹೇಗೆ ಎಳೀತೀಯ ನೀನು?"

"ಎಡಗೈನ ಮೇಲಿಂದ ಆ ಕಡೆಗೆ ಹಾಯಿಸಿ ಎಳೀತೀನಿ. ಅಷ್ಟರಲ್ಲಿ ಎಲ್ಕ್ ಪಕ್ಕದ ಕಣಿವೇಲಿ ಮೇಯ್ತಾ ಇರುತ್ತೆ."

ಅತ್ತಿಗೆ ನಕ್ಕಳು. ಆರ್ನೆ ಹೋದ ಮೇಲೆ ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಎಡಚರ ರೈಫಲ್ ಕೊಳ್ಳುವ ಮುಂಚೆ ಆರ್ನೆ ಪಡುತ್ತಿದ್ದ ಪಾಡೂ ಇದೇ. ನನ್ನ ಆಸೆಗೆ ಆಗಲೇ ಎಳ್ಳು ನೀರು ಬಿಟ್ಟೆ.

"ಈ ಸಲ ಬೆಟ್ಟಕ್ಕೆ ಹೋಗ್ತೀಯಾ?"

"ಮೊದಲನೇ ದಿನಾನೇ ಹೋಗ್ತೀನಮ್ಮಾ. ರಜಾ ಹಾಕಾಗಿದೆ."

"ಯಾರ ಮನೆ ಗೋಡೆಗೂ ನೇತುಹಾಕ್ಬಾರ್ದು."

"ನಮ್ಮನೆ ಗೋಡೆ ಅಷ್ಟು ಗಟ್ಟಿ ಇಲ್ಲ," ಎಂದಳು ಹುಡುಗಿ. ಅಲ್ಲಿಗೆ ಮಾತು ಮುಗಿಯಿತು.

ಅವಳು ಕಳಿಸಿದ ಹಣ ಬಂದ ಬೆಳಿಗ್ಗೆಯೇ ಅಂಚೆ ಕಚೇರಿಗೆ ಹೋದೆವು. ಕೌಂಟರಿನಲ್ಲಿ ವೆಂಡೆಲ್ ಇದ್ದ, ಅವನೂ ಅವಳ ಬಸ್ಸಿನವನೇ. "ಏನಿದೆ ಥೋರಾ ಅಮ್ಮಾ ಇದರಲ್ಲಿ?" ಎಂದ.

"ರೈಫಲ್. ಖಾಲಿ. ಲಿಬ್ಬಿಗೆ. ತಗೊಳ್ಳೋಳು ಸಹಿ ಹಾಕ್ಬೇಕು, ಸಹಿ ಹಾಕಿದ ಕಾರ್ಡ್ ನಂಗೆ ವಾಪಸ್ ಬರ್ಬೇಕು. ಬಿಚ್ಚಿ ನೋಡ್ಬೇಕಾದ್ರೆ ನೋಡು. ಆದ್ರೆ ಟೇಪ್ ನೀನೇ ಸುತ್ಬೇಕು."

ವೆಂಡೆಲ್ ನನ್ನ ಮುಖ ನೋಡಿದ. "ಒಳಗೆ ನಮ್ಮಣ್ಣನ ಒಳಚಡ್ಡೀನೂ ಇದೆ," ಎಂದೆ. ಅವನು ಬಿಚ್ಚಲಿಲ್ಲ. ಪೆಟ್ಟಿಗೆ ಒಳಕ್ಕೆ ಹೋದ ಮೇಲೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ. ಅಣ್ಣನ ಶವಪೆಟ್ಟಿಗೆ ಇಳಿಸಿದಾಗಲೂ ಹೀಗೆ ನಿಂತಿರಲಿಲ್ಲ. ಅತ್ತಿಗೆ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಬೇಟೆ ಶುರುವಾದ ವಾರ ಸಹಿ ಹಾಕಿದ ಹಸಿರು ಅಂಚೆ ಕಾರ್ಡ್ ವಾಪಸ್ ಬಂತು. ಅತ್ತಿಗೆ ಅದನ್ನು ಹಿಡಿದುಕೊಂಡು ನಡೆದೇ ನಮ್ಮ ಮನೆಗೆ ಬಂದಳು, ಕೋಟಿನ ಗುಂಡಿಯನ್ನೂ ಹಾಕಿರಲಿಲ್ಲ. ಅದನ್ನು ಮೇಜಿನ ಮೇಲಿಟ್ಟಳು. ಕೆಂಡ್ರಾಳ ಸಹಿ ಹಿಂದಕ್ಕೆ ವಾಲಿತ್ತು. ಎಡಗೈಯ ಅಂಚು ಹಸಿ ಮಸಿಯ ಮೇಲೆ ಹಾದು ಅಕ್ಷರಗಳೆಲ್ಲ ಬಲಕ್ಕೆ ಒರೆಸಿಹೋಗಿದ್ದವು. ನಮ್ಮಣ್ಣ ಪ್ರತಿ ಕ್ರಿಸ್‌ಮಸ್‌ಗೆ ಬರೆಯುತ್ತಿದ್ದ ಕಾರ್ಡುಗಳೂ ಹೀಗೇ ಇರುತ್ತಿದ್ದವು. ಅವನ ಹೆಸರು ಯಾವತ್ತೂ ಮಸಿ ಮೆತ್ತಿಕೊಂಡೇ ಬರುತ್ತಿತ್ತು.

ನಾನು ಅತ್ತುಬಿಟ್ಟೆ. ಅತ್ತಿಗೆಯ ಕಣ್ಣೂ ಒದ್ದೆಯಾಗಿತ್ತು. ಆದರೆ ಅವಳು ನೋಡುತ್ತಿದ್ದದ್ದು ಒಲೆಯ ಮೇಲಿನ ಗೋಡೆಯನ್ನು.

"ಮೊಳೆ ಹೊಡೆದಿದೀಯಲ್ಲ, ಇದನ್ನ ನೇತುಹಾಕ್ಕೊ," ಎಂದಳು. "ಇದಕ್ಕೆ ಅವನೇನೂ ಬೇಡ ಅಂದಿಲ್ಲ."

ಒಂದೇ ಮೊಳೆ ಸಾಕಾಯಿತು. ಇನ್ನೊಂದನ್ನು ಕಿತ್ತು ಹಾಕಿದೆ.